ಆ 18 ನೂರಕ್ಕೆ 18 ಅಲ್ಲ: ಸಿ.ಜೆ. ಸ್ಟ್ರೌಡ್ ಅವರ ಸೋರಿಕೆಯಾದ ಪರೀಕ್ಷೆಯ ಬಗ್ಗೆ

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಮನೆಮಂದಿಯೆಲ್ಲ ಟೆಕ್ಸನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಅಭಿಮಾನಿಗಳು. 2023ರ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮುಂಚೆ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಸಿ.ಜೆ. ಸ್ಟ್ರೌಡ್ ಅವರ ಬುದ್ಧಿ ಪರೀಕ್ಷೆಯ ಅಂಕ ಸೋರಿಕೆಯಾಗಿ, 'ನೂರಕ್ಕೆ 18 ಬಂದಿದೆ' ಅಂತ ದೊಡ್ಡ ಗಲಾಟೆ ಆಗಿತ್ತು. ಆಮೇಲೆ ಅವರು ಆಡಿದ್ದು ನೋಡಿದರೆ ಆ ಪರೀಕ್ಷೆಯೇ ಬೊಗಳೆ ಅನ್ನಿಸುತ್ತದೆ. ಆದರೂ ಅವರು ಒಂದು ಪಂದ್ಯ ಕೆಟ್ಟದಾಗಿ ಆಡಿದರೆ ಸಾಕು, ಆಫೀಸಿನಲ್ಲಿ ಯಾರಾದರೂ ಆ 18ನ್ನು ಎತ್ತುತ್ತಾರೆ. ನಿಜಕ್ಕೂ ಆ ಅಂಕಕ್ಕೆ ಅರ್ಥ ಇದೆಯಾ? ಇನ್ನೊಂದು ಮಾತು. ನನ್ನ ಮಗಳು ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಾಳೆ. ಅವಳ ಕ್ಲಬ್‌ನವರು ಇಂಥದ್ದೇ ಒಂದು ಪರೀಕ್ಷೆ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಬಹುದಾ?

ಉತ್ತರ: ಮೊದಲು 'ನೂರಕ್ಕೆ 18' ಎಂಬ ಮಾತನ್ನು ಸರಿ ಮಾಡಿಕೊಳ್ಳೋಣ. ಸ್ಟ್ರೌಡ್ ಅವರಿಗೆ ಯಾರೂ ನೂರು ಪ್ರಶ್ನೆ ಕೊಟ್ಟಿರಲಿಲ್ಲ. ಅವರು 82 ತಪ್ಪು ಮಾಡಿಯೂ ಇರಲಿಲ್ಲ. ಆ 18 ಪರ್ಸೆಂಟೈಲ್. ಊರಿನಲ್ಲಿ ಮಕ್ಕಳಿಗೆ ಜೆಇಇ ಬರೆಸಿದ ಅಪ್ಪ ಅಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತು. 90 ಪರ್ಸೆಂಟೈಲ್ ಬಂದ ಹುಡುಗನಿಗೆ ನೂರಕ್ಕೆ 90 ಅಂಕ ಬಂದಿರಬೇಕಿಲ್ಲ. ಎಷ್ಟೋ ಸಲ ಅರ್ಧದಷ್ಟೂ ಬಂದಿರುವುದಿಲ್ಲ. ಬರೆದವರಲ್ಲಿ ಅವನು ಎಷ್ಟು ಜನರ ಮುಂದಿದ್ದಾನೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಅಂದರೆ ಪರ್ಸೆಂಟೈಲ್ ಕೇಳಿದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಜೊತೆ ಹೋಲಿಸಿದ್ದು?

ಸ್ಟ್ರೌಡ್ ಬರೆದದ್ದು ಎಸ್2 ಎಂಬ ಪರೀಕ್ಷೆ. ನ್ಯಾಶ್‌ವಿಲ್‌ನ ಎಸ್2 ಕಾಗ್ನಿಷನ್ ಎಂಬ ಕಂಪನಿಯದ್ದು. ಅಲ್ಲಿ ಹೋಲಿಕೆ ನಡೆಯುವುದು ಬೀದಿಯಲ್ಲಿ ಸಿಕ್ಕವರ ಜೊತೆಗಲ್ಲ, ಆಟವನ್ನೇ ಬದುಕು ಮಾಡಿಕೊಂಡ ಉನ್ನತ ಮಟ್ಟದ ಕ್ರೀಡಾಪಟುಗಳ ಜೊತೆಗೆ. ಕಣ್ಣು ಕೈ ಚುರುಕಾಗಿ ಇರುವ ಕಾರಣಕ್ಕೇ ಅಲ್ಲಿವರೆಗೆ ಬಂದವರು ಅವರು. ಆ ಸಾಲಿನಲ್ಲಿ ಕೆಳಗಿದ್ದಾರೆ ಅಂದಮಾತ್ರಕ್ಕೆ 'ದಡ್ಡ' ಅನ್ನುವ ಅರ್ಥ ಹೊರಡುವುದಿಲ್ಲ. ಆ ದಿನಗಳಲ್ಲಿ ಅಭಿಮಾನಿಗಳು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ದಾರಿ ತಪ್ಪಿತ್ತು.

ಕ್ರೀಡಾಪಟುಗಳ ಗಮನ, ಪ್ರತಿಕ್ರಿಯೆಯ ವೇಗ ಅಳೆಯುವ ಪರೀಕ್ಷೆಗಳ ಜೊತೆಗೇ ನನ್ನ ಕೆಲಸ. ಆದ್ದರಿಂದ ಈ ಪರೀಕ್ಷೆಯ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲ್ಯಾಪ್‌ಟಾಪಿನ ಮುಂದೆ ಕೂರಿಸುತ್ತಾರೆ. ಕೈಗೆ ಗುಂಡಿಗಳಿರುವ ಒಂದು ಸಾಧನ ಕೊಡುತ್ತಾರೆ. ಪರದೆ ಮೇಲೆ ಒಂದು ವಜ್ರದ ಆಕಾರ ಮಿಂಚಿ ಮಾಯವಾಗುತ್ತದೆ. ಅದರ ಒಂದು ಮೂಲೆ ಕತ್ತರಿಸಿರುತ್ತದೆ. ಯಾವ ಮೂಲೆ ಅಂತ ಗುಂಡಿ ಒತ್ತಬೇಕು. ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು ಆ ಚಿತ್ರ ಅಲ್ಲಿರುತ್ತದೆ. ಇನ್ನೊಂದರಲ್ಲಿ ಹಲವು ಆಕಾರಗಳು ಒಟ್ಟಿಗೆ ಓಡಾಡುತ್ತವೆ. ಅವುಗಳಲ್ಲಿ ಕೆಲವನ್ನು ಮಾತ್ರ ಕಣ್ಣು ತಪ್ಪದಂತೆ ಹಿಂಬಾಲಿಸಬೇಕು. ಮತ್ತೊಂದರಲ್ಲಿ ಗುಂಡಿ ಒತ್ತಲು ಹೊರಟ ಬೆರಳನ್ನು ಕೊನೇ ಕ್ಷಣದಲ್ಲಿ ತಡೆದು ನಿಲ್ಲಿಸಬೇಕು. ಹೀಗೆ ಹಲವು ಸಣ್ಣ ಆಟಗಳು. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸೆಕೆಂಡಿನ ಸಾವಿರದ ಲೆಕ್ಕದಲ್ಲಿ ಅಳತೆ ನಡೆಯುತ್ತದೆ.

ಇದರಲ್ಲಿ ಓದು ಬರಹ, ಗಣಿತ, ಸಾಮಾನ್ಯ ಜ್ಞಾನ ಯಾವುದೂ ಬರುವುದಿಲ್ಲ. ಹಾಗಾಗಿ 'ಬುದ್ಧಿ ಪರೀಕ್ಷೆ' ಅನ್ನುವ ಹೆಸರೇ ಇದಕ್ಕೆ ಹೊಂದುವುದಿಲ್ಲ. ಕಣ್ಣು ಕಂಡದ್ದನ್ನು ಮಿದುಳು ಎಷ್ಟು ಬೇಗ ಹಿಡಿಯುತ್ತದೆ, ಎಷ್ಟನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ಆತುರವನ್ನು ಎಷ್ಟು ತಡೆಯುತ್ತದೆ ಅನ್ನುವುದು ಇದರ ವಿಷಯ. ಫುಟ್‌ಬಾಲ್‌ಗೆ ಬೇಕಾದ ವಿಷಯವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಭಿಮಾನಿಗಳು ಇದನ್ನು ಹಳೆಯ ಇನ್ನೊಂದು ಪರೀಕ್ಷೆಯ ಜೊತೆ ಕಲಸಿಬಿಟ್ಟರು. ಆ ಹಳೆಯದರ ಕತೆ ಗೊತ್ತಿದ್ದರೆ 2023ರ ಗಲಾಟೆ ಯಾಕೆ ಅಷ್ಟು ಬೇಗ ಹೊತ್ತಿಕೊಂಡಿತು ಅನ್ನುವುದು ತಿಳಿಯುತ್ತದೆ.

ಅದರ ಹೆಸರು ವಂಡರ್ಲಿಕ್. 1930ರ ದಶಕದಲ್ಲಿ ಎಲ್ಡನ್ ವಂಡರ್ಲಿಕ್ ಎಂಬವರು ಕಂಪನಿಗಳಿಗೆ ನೌಕರರನ್ನು ಆರಿಸಲು ಮಾಡಿದ ಪರೀಕ್ಷೆ. 12 ನಿಮಿಷ, 50 ಪ್ರಶ್ನೆ. ಪದಗಳ ಅರ್ಥ, ಸಣ್ಣ ಲೆಕ್ಕ, ಸಂಖ್ಯೆಗಳ ಸಾಲಿನಲ್ಲಿ ಮುಂದಿನದು ಯಾವುದು, ಇಂಥವು. ಡಲ್ಲಾಸ್ ಕೌಬಾಯ್ಸ್ ತಂಡದ ಕೋಚ್ ಟಾಮ್ ಲ್ಯಾಂಡ್ರಿ ಅದನ್ನು ಫುಟ್‌ಬಾಲ್‌ಗೆ ತಂದರು. ಮುಂದೆ ಎನ್‌ಎಫ್‌ಎಲ್‌ಗೆ, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ಗೆ, ಬರುವ ಪ್ರತಿ ಹುಡುಗನೂ ಅದನ್ನು ಬರೆಯುವುದು ವಾಡಿಕೆಯಾಯಿತು. ಮಾಮೂಲಿ ಅಂಕ 20ರ ಆಸುಪಾಸು. ಹಾರ್ವರ್ಡ್‌ನಿಂದ 1975ರಲ್ಲಿ ಬಂದ ಪ್ಯಾಟ್ ಮೆಕಿನಾಲಿ 50ಕ್ಕೆ 50 ತೆಗೆದರು. ಡ್ರಾಫ್ಟ್‌ನಲ್ಲಿ ತಾವು ಕೆಳಗಿಳಿಯಲು ಆ ಅಂಕವೂ ಒಂದು ಕಾರಣ ಇರಬಹುದು ಎಂದು ಅವರೇ ಮುಂದೆ ಹೇಳಿದ್ದಾರೆ. ಜಾಸ್ತಿ ಬಂದರೂ ಕಷ್ಟ, ಕಡಿಮೆ ಬಂದರೂ ಕಷ್ಟ.

ಕಡಿಮೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ವಿನ್ಸ್ ಯಂಗ್ ಅವರನ್ನು ನೋಡಿ. 2006ರ ಜನವರಿಯ ರೋಸ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಪರ ಎಸೆದು 267, ಓಡಿ 200 ಗಜ ಗಳಿಸಿ, 41–38ರಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಹುಡುಗ. ಕೆಲವೇ ವಾರಗಳಲ್ಲಿ ಅವರಿಗೆ ವಂಡರ್ಲಿಕ್‌ನಲ್ಲಿ 6 ಬಂದಿದೆ ಎಂಬ ಸುದ್ದಿ ಹೊರಬಿತ್ತು. ಮತ್ತೆ ಬರೆದಾಗ 16 ಬಂತು ಎಂದು ವರದಿಯಾಯಿತು. ಟೆನೆಸಿ ಟೈಟನ್ಸ್ ಅವರನ್ನು ಮೂರನೆಯ ಸ್ಥಾನದಲ್ಲಿ ಆರಿಸಿಕೊಂಡಿತು. ಮೊದಲ ವರ್ಷವೇ ಅವರು ಆಕ್ರಮಣ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಅನ್ನಿಸಿಕೊಂಡರು. ಆದರೆ ಇಷ್ಟು ವರ್ಷ ಕಳೆದರೂ ಅವರ ಹೆಸರು ಎತ್ತಿದರೆ ರೋಸ್ ಬೌಲ್ ಜೊತೆಗೇ ಆ 6 ಕೂಡ ಬರುತ್ತದೆ. ಒಮ್ಮೆ ಅಂಟಿದ ಅಂಕಿ ಹೋಗುವುದಿಲ್ಲ. ನಿಮ್ಮ ಆಫೀಸಿನಲ್ಲಿ ನಡೆಯುತ್ತಿರುವುದೂ ಇದೇ ಅಲ್ವಾ?

ವಂಡರ್ಲಿಕ್ ಬಗ್ಗೆ ಸಂಶೋಧಕರು ಸುಮ್ಮನೆ ಕೂರಲಿಲ್ಲ. 2009ರಲ್ಲಿ ಮೂವರು ಅಮೆರಿಕನ್ ಸಂಶೋಧಕರು 762 ಆಟಗಾರರ ಅಂಕವನ್ನೂ ಮುಂದೆ ಅವರು ಆಡಿದ ಆಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೆಚ್ಚಿನ ಸ್ಥಾನಗಳಲ್ಲಿ ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಟೈಟ್ ಎಂಡ್ ಮತ್ತು ಡಿಫೆನ್ಸಿವ್ ಬ್ಯಾಕ್ ಸ್ಥಾನಗಳಲ್ಲಂತೂ ಉಲ್ಟಾ: ಕಡಿಮೆ ಅಂಕದವರೇ ಹೆಚ್ಚು ಚೆನ್ನಾಗಿ ಆಡಿದ್ದರು. ಕ್ವಾರ್ಟರ್‌ಬ್ಯಾಕ್‌ಗಳನ್ನೇ ಪ್ರತ್ಯೇಕವಾಗಿ ನೋಡಿದ ಅರ್ಥಶಾಸ್ತ್ರಜ್ಞರಿಗೂ ಆ ಅಂಕದಲ್ಲಿ ಭವಿಷ್ಯ ಕಾಣಲಿಲ್ಲ. ಕೊನೆಗೆ 2022ರಲ್ಲಿ ಎನ್‌ಎಫ್‌ಎಲ್ ತನ್ನ ವಾರ್ಷಿಕ ಆಯ್ಕೆ ಶಿಬಿರದಿಂದ ವಂಡರ್ಲಿಕ್ ತೆಗೆದುಹಾಕಿತು. ಮರು ವರ್ಷವೇ ಸ್ಟ್ರೌಡ್ ಅವರ ಸರದಿ. ಹಳೆಯ ಪರೀಕ್ಷೆ ಹೋದ ಜಾಗಕ್ಕೆ ಹೊಸದು ಬಂದಿತ್ತು. ಸೋರಿಕೆಯ ಚಾಳಿ ಮಾತ್ರ ಹಾಗೇ ಉಳಿದಿತ್ತು.

ಈಗ ಮೈದಾನಕ್ಕೆ ಬರೋಣ. ಕ್ವಾರ್ಟರ್‌ಬ್ಯಾಕ್ ಅನ್ನುವವನ ಕೆಲಸ ಅರ್ಥವಾಗದೆ ಈ ಚರ್ಚೆ ಮುಂದೆ ಸಾಗುವುದಿಲ್ಲ. ಚೆಂಡು ಕೈಗೆ ಬರುವ ಮುಂಚೆಯೇ ಅವನು ಎದುರಾಳಿಯ 11 ಜನ ಎಲ್ಲಿ ನಿಂತಿದ್ದಾರೆ ಅಂತ ನೋಡುತ್ತಾನೆ. ಅವರ ಹಿಂದೆ ನಿಂತ ಇಬ್ಬರು ಸೇಫ್ಟಿಗಳ, ಅಂದರೆ ಕಟ್ಟಕಡೆಯ ರಕ್ಷಕರ, ಅಂತರ ನೋಡುತ್ತಾನೆ. ಯಾರು ನುಗ್ಗಬಹುದು ಅಂತ ಅಂದಾಜು ಮಾಡುತ್ತಾನೆ. ಬೇಕಿದ್ದರೆ ತನ್ನ ಕಡೆಯವರಿಗೆ ಕೂಗಿ ಯೋಜನೆ ಬದಲಿಸುತ್ತಾನೆ. ಚೆಂಡು ಬಂದ ಮೇಲೆ ಅವನಿಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಸೇಫ್ಟಿ ಒಂದು ಹೆಜ್ಜೆ ಎಡಕ್ಕೆ ಸರಿದರೆ ಅವನ ಕಣ್ಣು ಬಲಕ್ಕೆ ಹೋಗಬೇಕು. ಗೆಳೆಯ ಇನ್ನೂ ತಿರುಗುವ ಮೊದಲೇ ಅವನು ಬರಲಿರುವ ಜಾಗಕ್ಕೆ ಚೆಂಡು ಹೊರಟಿರಬೇಕು. ಒಂದೂವರೆ ಕ್ವಿಂಟಲ್ ಹತ್ತಿರ ತೂಗುವ ಆಳುಗಳು ಮೈಮೇಲೆ ಬೀಳುತ್ತಿರುವಾಗ ಇದೆಲ್ಲ ನಡೆಯಬೇಕು.

2023ರ ನವೆಂಬರ್ 5ರಂದು ನಿಮ್ಮ ಊರಿನಲ್ಲೇ ಇದು ನಡೆಯಿತು. ಎದುರಿಗೆ ಟ್ಯಾಂಪಾ ಬೇ ಬಕನೀರ್ಸ್. ಟೆಕ್ಸನ್ಸ್‌ನ ಕಿಕ್ಕರ್ ಗಾಯಗೊಂಡು ಹೊರಗೆ ಹೋಗಿದ್ದ. ಓಟಗಾರನ ಸ್ಥಾನದಲ್ಲಿ ಆಡುವ ಡೇರ್ ಒಗುನ್‌ಬೊವಾಲೆ ಅವರೇ ಬಂದು ಒಂದು ಫೀಲ್ಡ್ ಗೋಲ್ ಒದ್ದಿದ್ದರು. ಕೊನೆಗೆ ಟ್ಯಾಂಪಾ 37–33 ಮುಂದೆ. ಉಳಿದದ್ದು 46 ಸೆಕೆಂಡು. ಎದುರಿಗೆ 75 ಗಜ ಜಾಗ. ಕಿಕ್ಕರ್ ಇದ್ದಿದ್ದರೂ ನಾಲ್ಕು ಅಂಕದ ಅಂತರಕ್ಕೆ ಮೂರು ಅಂಕದ ಫೀಲ್ಡ್ ಗೋಲ್ ಸಾಲುತ್ತಿರಲಿಲ್ಲ, ಆರು ಅಂಕದ ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸುವುದು) ಆಗಲೇಬೇಕಿತ್ತು. 22 ವರ್ಷದ ಸ್ಟ್ರೌಡ್ ಆರು ಪ್ರಯತ್ನಗಳಲ್ಲಿ ಆ 75 ಗಜ ದಾಟಿದರು. ಕೊನೆಯದು ಟ್ಯಾಂಕ್ ಡೆಲ್ ಅವರಿಗೆ 15 ಗಜದ ಟಚ್‌ಡೌನ್ ಎಸೆತ. ಗಡಿಯಾರದಲ್ಲಿ ಆಗ ಆರು ಸೆಕೆಂಡು. ಆ ದಿನ ಅವರು ಎಸೆದದ್ದು 470 ಗಜ, ಐದು ಟಚ್‌ಡೌನ್, ಎದುರಾಳಿಯ ಕೈಗೆ ಒಂದೂ ಇಲ್ಲ. ಮೊದಲ ವರ್ಷದ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಒಂದು ಪಂದ್ಯದಲ್ಲಿ ಅಷ್ಟು ಗಜ ಎಸೆದಿರಲಿಲ್ಲ. ಇಡೀ ಋತುವಿನಲ್ಲಿ 4,108 ಗಜ, 23 ಟಚ್‌ಡೌನ್, ಬರೀ ಐದು ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ). ನನ್ನ ಕಣ್ಣಿಗೆ ಆ ಐದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಮೈದಾನವನ್ನು ಓದಲು ಬಾರದವನು ಅಷ್ಟು ಕಡಿಮೆ ತಪ್ಪು ಮಾಡಲು ಸಾಧ್ಯವಿಲ್ಲ.

ಹಾಗಾದರೆ ಪರೀಕ್ಷೆಯಲ್ಲಿ ಕಾಣದ ಚುರುಕು ಮೈದಾನದಲ್ಲಿ ಎಲ್ಲಿಂದ ಬಂತು? ಇದಕ್ಕೆ ಮನಶ್ಶಾಸ್ತ್ರದಲ್ಲಿ ಐವತ್ತು ವರ್ಷ ಹಳೆಯ ಉತ್ತರ ಇದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರ ಮೇಲೆ ಒಂದು ಪ್ರಯೋಗ ಮಾಡಿದರು. ನಿಜವಾದ ಪಂದ್ಯದ ಮಧ್ಯದಿಂದ ತೆಗೆದ ಒಂದು ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ಮಾಸ್ಟರ್ ಹೆಚ್ಚಿನ ಕಾಯಿಗಳನ್ನು ಸರಿಯಾದ ಜಾಗದಲ್ಲೇ ಮತ್ತೆ ಜೋಡಿಸಿದ. ಹೊಸಬನಿಗೆ ನಾಲ್ಕಾರು ಮಾತ್ರ ನೆನಪಾದವು. ಆಮೇಲೆ ಕಾಯಿಗಳನ್ನು ಹೇಗೆಂದರೆ ಹಾಗೆ ಚೆಲ್ಲಿ ತೋರಿಸಿದರು. ಆಗ ಮಾಸ್ಟರ್‌ನ ಹೆಚ್ಚುಗಾರಿಕೆ ಮಾಯವಾಯಿತು. ಅವನಿಗಿದ್ದದ್ದು ಅಸಾಧಾರಣ ನೆನಪಿನ ಶಕ್ತಿ ಆಗಿರಲಿಲ್ಲ. ಸಾವಿರಾರು ಪಂದ್ಯ ಆಡಿ, ನೋಡಿ ಕಲಿತ ವಿನ್ಯಾಸಗಳು ಅವನ ತಲೆಯಲ್ಲಿದ್ದವು. ಅರ್ಥವಿಲ್ಲದ ಹಲಗೆ ಎದುರಿಗೆ ಬಂದಾಗ ಅವು ಕೆಲಸಕ್ಕೆ ಬರಲಿಲ್ಲ.

ಕ್ರಿಕೆಟ್‌ನಲ್ಲಿ ಕೂಡ ಇದನ್ನು ಅಳೆದಿದ್ದಾರೆ. 2000ದಲ್ಲಿ ಬ್ರಿಟನ್ನಿನ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಅವರ ಕಣ್ಣು ಎಲ್ಲಿ ಹೋಗುತ್ತದೆ ಅಂತ ನೋಡಿದರು. ಚೆಂಡನ್ನು ಬೌಲರ್ ಕೈಯಿಂದ ಬ್ಯಾಟಿನ ತನಕ ಯಾರೂ ನೋಡುತ್ತಲೇ ಇರುವುದಿಲ್ಲ. ಕೈ ಬಿಟ್ಟ ಕ್ಷಣ ನೋಡಿ, ಅದು ಪುಟಿಯುವ ಜಾಗಕ್ಕೆ ಮೊದಲೇ ಕಣ್ಣು ಹಾರಿಸಿ ಕಾಯುತ್ತಾರೆ. ಒಳ್ಳೆಯ ಆಟಗಾರನ ಕಣ್ಣು ಅಲ್ಲಿಗೆ ಬೇಗ ಹಾರುತ್ತದೆ. ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಅವನಿಗೆ ಮೊದಲೇ ಗೊತ್ತಿರುವುದರಿಂದ ಆ ವೇಗ. ಪರದೆಯ ಮೇಲೆ ಮಿಂಚುವ ವಜ್ರಕ್ಕೆ ಅಂಥ ಯಾವ ಸುಳಿವೂ ಇಲ್ಲ. ಪರೀಕ್ಷೆ ಮಾಡುವವರು ಬೇಕೆಂದೇ ಸುಳಿವನ್ನೆಲ್ಲ ತೆಗೆದಿರುತ್ತಾರೆ, ಯಾಕೆಂದರೆ ಅವರಿಗೆ ಅಳೆಯಬೇಕಾದದ್ದು ಬರಿಯ ವೇಗ. ಅದು ತಪ್ಪಲ್ಲ. ಆದರೆ ಕ್ವಾರ್ಟರ್‌ಬ್ಯಾಕ್‌ನ ಕೆಲಸದಲ್ಲಿ ಕಲಿತ ಜ್ಞಾನದ ಪಾಲು ಬಹಳ ದೊಡ್ಡದು. ಅದನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ.

ಹಾಗಂತ ನಿಮ್ಮ 'ಬೊಗಳೆ' ಎಂಬ ಮಾತಿಗೂ ನಾನು ಒಪ್ಪುವುದಿಲ್ಲ. ಒಬ್ಬ ಆಟಗಾರನಿಂದ ಒಂದು ಪರೀಕ್ಷೆ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಇದರ ಪರವಾಗಿ ಮಾತಾಡುವವರು ಬ್ರಾಕ್ ಪರ್ಡಿ ಅವರ ಹೆಸರು ಹೇಳುತ್ತಾರೆ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯವರಾಗಿ, 262ನೆಯವರಾಗಿ ಆಯ್ಕೆಯಾದವರು ಅವರು. ಎಸ್2ನಲ್ಲಿ ತುಂಬಾ ಒಳ್ಳೆಯ ಅಂಕ ಇತ್ತೆಂದು ವರದಿ. ಮುಂದೆ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಕೊಂಡೊಯ್ದರು. ವಿರೋಧಿಸುವವರು ಸ್ಟ್ರೌಡ್ ಹೆಸರು ಹೇಳುತ್ತಾರೆ. ಇಬ್ಬರೂ ಮಾಡುತ್ತಿರುವ ತಪ್ಪು ಒಂದೇ. ತಮಗೆ ಬೇಕಾದ ಒಬ್ಬನನ್ನು ಆರಿಸಿಕೊಂಡು ಅವನ ಮೇಲೆ ಇಡೀ ವಾದ ಕಟ್ಟುತ್ತಾರೆ.

2023ರ ಸಾಲನ್ನೇ ನೋಡಿ. ಆಗ ವರದಿಯಾದ ಅಂಕಗಳ ಪ್ರಕಾರ ಬ್ರೈಸ್ ಯಂಗ್ 98, ವಿಲ್ ಲೆವಿಸ್ 93, ಆಂಥನಿ ರಿಚರ್ಡ್ಸನ್ 79, ಸ್ಟ್ರೌಡ್ 18. ಯಂಗ್ ಮೊದಲ ಸ್ಥಾನದಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ಹೋದರು. ಮೊದಲ ವರ್ಷ ಅವರ ತಂಡ 17ರಲ್ಲಿ ಎರಡು ಪಂದ್ಯ ಗೆದ್ದಿತು. ಅಷ್ಟು ಹೊತ್ತಿಗೆ ಜನ '98 ಬಂದವನು ಸೋತ, 18 ಬಂದವನು ಗೆದ್ದ' ಅಂತ ಕುಣಿದರು. ಆದರೆ ಆ ವರ್ಷ ಯಂಗ್ ಅವರನ್ನು ಎದುರಾಳಿಗಳು 62 ಸಲ ಕೆಡವಿದ್ದರು. ಕೋಚ್ ಫ್ರಾಂಕ್ ರೈಕ್ ಅವರನ್ನು 11 ಪಂದ್ಯಕ್ಕೇ ತೆಗೆದುಹಾಕಿದರು. ನಿಂತು ಎಸೆಯಲು ಜಾಗವೇ ಇಲ್ಲದವನ ಕಣ್ಣಿನ ಚುರುಕು ಏನು ಮಾಡಲು ಸಾಧ್ಯ? ಸ್ಟ್ರೌಡ್ ಅವರಿಗೆ ಡಿಮೆಕೊ ರಯನ್ಸ್ ಅವರಂಥ ಕೋಚ್, ಅವರಿಗೆ ಒಪ್ಪುವ ಆಕ್ರಮಣ ಯೋಜನೆ ಸಿಕ್ಕಿತು. ಮರು ವರ್ಷ ಟೆಕ್ಸನ್ಸ್‌ನ ಮುಂಚೂಣಿ ಸೋತಾಗ ಸ್ಟ್ರೌಡ್ ಕೂಡ 52 ಸಲ ಕೆಳಗೆ ಬಿದ್ದರು. ಇಂಟರ್‌ಸೆಪ್ಷನ್ 12ಕ್ಕೆ ಏರಿತು. ಒಂದು ವರ್ಷದಲ್ಲಿ ಅವರ ಮಿದುಳು ಬದಲಾಗಲಿಲ್ಲ. ಸುತ್ತಲಿನದು ಬದಲಾಯಿತು. ಆಫೀಸಿನಲ್ಲಿ 18 ಎತ್ತುವವರಿಗೆ ಈ 52ನ್ನು ಹೇಳಿ.

ನಮ್ಮ ಕೆಲಸದವರು ಇನ್ನೂ ಒಂದು ವಿಷಯಕ್ಕೆ ಹೆದರುತ್ತೇವೆ. ಡ್ರಾಫ್ಟ್‌ವರೆಗೆ ಬಂದವರೆಲ್ಲ ಹತ್ತು ಹದಿನೈದು ವರ್ಷ ಸೋಸಿ ಉಳಿದವರು. ನಿಜವಾಗಿ ಮಂದವಾಗಿ ಇದ್ದವನು ಹೈಸ್ಕೂಲಿನಲ್ಲೇ ಬೆಂಚಿಗೆ ಹೋಗಿರುತ್ತಾನೆ. ಉಳಿದವರ ನಡುವೆ ಇರುವುದು ಕೂದಲೆಳೆಯ ಅಂತರ. ಅಷ್ಟು ಸಣ್ಣ ಅಂತರದಲ್ಲಿ ಅಂಕ ಹೆಚ್ಚು ಕಡಿಮೆ ಆಗಲು ಒಂದು ಕೆಟ್ಟ ರಾತ್ರಿ ಸಾಕು. ಡ್ರಾಫ್ಟ್ ಹುಡುಗರು ಆ ತಿಂಗಳುಗಳಲ್ಲಿ ಊರಿಂದೂರಿಗೆ ಹಾರುತ್ತಾ, ದಿನಕ್ಕೆ ಹಲವು ತಂಡಗಳ ಜೊತೆ ಮಾತಾಡುತ್ತಾ, ಎಂಟು ಕಡೆ ಅಳೆಸಿಕೊಂಡು ಬಂದಿರುತ್ತಾರೆ. ಸುಸ್ತಾದವನು, ಮನಸ್ಸಿಲ್ಲದವನು, ಸೂಚನೆ ಸರಿಯಾಗಿ ಕೇಳಿಸಿಕೊಳ್ಳದವನು ಗುಂಡಿ ಒತ್ತಿದರೆ ಬರುವ ಅಂಕ ಅವನ ಸಾಮರ್ಥ್ಯದ್ದಲ್ಲ. ನನ್ನ ಎದುರಿಗೆ ಕೂತ ಹುಡುಗರಲ್ಲಿ ಇದನ್ನು ಕಂಡಿದ್ದೇನೆ. ಮೊದಲ ಎರಡು ಆಟ ಚೆನ್ನಾಗಿ ಮಾಡಿ, ಮೂರನೆಯದರಿಂದ ಬೆರಳು ಸುಮ್ನೆ ತಾಳ ಹಾಕಲು ಶುರುಮಾಡುತ್ತದೆ. ಉತ್ತರಗಳ ನಡುವಿನ ಸಮಯ ನೋಡಿದರೆ ಗೊತ್ತಾಗಿಬಿಡುತ್ತದೆ. ಅಂಥ ಅಂಕವನ್ನು ಪಕ್ಕಕ್ಕಿಟ್ಟು ಇನ್ನೊಂದು ದಿನ ಮಾಡಿಸಬೇಕು. ಪರೀಕ್ಷೆ ನಡೆಸುವವರಿಗೆ ಇದು ಗೊತ್ತು. ಸೋರಿಕೆಯಾದ ಅಂಕಗಳೆಲ್ಲ ಸರಿಯಾಗಿಲ್ಲ ಎಂದು ಎಸ್2 ಕಂಪನಿಯವರೇ ಆಗ ಬಹಿರಂಗವಾಗಿ ಹೇಳಿದ್ದರು. ಆದರೆ ಆ ಮಾತು 18ರಷ್ಟು ದೂರ ಹೋಗಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಸೋರಿಕೆಯ ಬಗ್ಗೆ. ಅಭಿಮಾನಿಗಳು ಪರೀಕ್ಷೆ ಸರಿಯೋ ತಪ್ಪೋ ಅಂತ ಕಿತ್ತಾಡಿದರು. ಒಬ್ಬ 21 ವರ್ಷದ ಹುಡುಗನ ಖಾಸಗಿ ಫಲಿತಾಂಶ ಯಾಕೆ ಎಲ್ಲರ ಬಾಯಲ್ಲಿದೆ ಅಂತ ಕೇಳಿದವರು ಕಡಿಮೆ. ಡ್ರಾಫ್ಟ್ ಹತ್ತಿರ ಬಂದಾಗ ಹೆಸರು ಹೇಳದ ಮೂಲಗಳಿಂದ ಬರುವ ಸುದ್ದಿಗೆ ಬಹಳ ಸಲ ಒಂದು ಉದ್ದೇಶ ಇರುತ್ತದೆ. ಮೇಲಿನ ತಂಡಗಳು ಒಬ್ಬ ಆಟಗಾರನನ್ನು ಬಿಟ್ಟರೆ ಅವನು ಕೆಳಗಿನ ತಂಡಕ್ಕೆ ಸಿಗುತ್ತಾನೆ. ಅದರ ಬೆಲೆ ತೆರುವವನು ಆಟಗಾರ. ಹೊಸಬರ ಸಂಬಳವನ್ನು ಆಯ್ಕೆಯ ಕ್ರಮಸಂಖ್ಯೆಯೇ ನಿರ್ಧರಿಸುತ್ತದೆ. ಮೊದಲನೆಯವರಾದ ಬ್ರೈಸ್ ಯಂಗ್ ಅವರ ನಾಲ್ಕು ವರ್ಷದ ಒಪ್ಪಂದ ಸುಮಾರು 3.8 ಕೋಟಿ ಡಾಲರ್, ಎರಡನೆಯವರಾದ ಸ್ಟ್ರೌಡ್ ಅವರದ್ದು ಸುಮಾರು 3.6 ಕೋಟಿ. ಒಂದೇ ಮೆಟ್ಟಿಲಿಗೆ ಇಷ್ಟು. ಹತ್ತು ಮೆಟ್ಟಿಲು ಇಳಿದಿದ್ದರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತಿತ್ತು. ಅದಕ್ಕೆ ಉತ್ತರ ಕೊಡಲು ಆಟಗಾರನಿಗೆ ದಾರಿಯೂ ಇಲ್ಲ. ತನ್ನ ವರದಿ ತೋರಿಸಿದರೆ ಇನ್ನಷ್ಟು ಚರ್ಚೆ, ತೋರಿಸದಿದ್ದರೆ ಇನ್ನಷ್ಟು ಅನುಮಾನ. ತಾನು ಪರೀಕ್ಷೆ ಬರೆಯುವವನಲ್ಲ, ಫುಟ್‌ಬಾಲ್ ಆಡುವವನು ಅಂತ ಸ್ಟ್ರೌಡ್ ಹೇಳಿ ಮುಗಿಸಿದರು. ಮರು ವರ್ಷ ಕೆಲವು ಏಜೆಂಟರು ತಮ್ಮ ಆಟಗಾರರಿಗೆ ಈ ಪರೀಕ್ಷೆ ಬೇಡವೇ ಬೇಡ ಎಂದರು. ಅವರನ್ನು ದೂರಲು ನನಗೆ ಬಾಯಿಲ್ಲ. ಹೊರಗೆ ಹೋಗುವ ಅಂಕಕ್ಕೆ ಯಾರು ಕೂರುತ್ತಾರೆ?

ಇಲ್ಲಿ ಬಣ್ಣದ ವಿಷಯವನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಕಪ್ಪು ವರ್ಣೀಯರಿಗೆ ಕ್ವಾರ್ಟರ್‌ಬ್ಯಾಕ್ ಆಗುವಷ್ಟು ತಲೆ ಇಲ್ಲ ಎಂಬ ನಂಬಿಕೆ ಈ ಆಟವನ್ನು ದಶಕಗಳ ಕಾಲ ಆಳಿದೆ. ಕಾಲೇಜಿನಲ್ಲಿ ಎಸೆಯುತ್ತಿದ್ದ ಹುಡುಗರನ್ನು ಎನ್‌ಎಫ್‌ಎಲ್‌ಗೆ ಬಂದಾಗ ಓಡುವ, ಹಿಡಿಯುವ ಸ್ಥಾನಕ್ಕೆ ಕಳಿಸುತ್ತಿದ್ದರು. ನಿಮ್ಮ ಹ್ಯೂಸ್ಟನ್‌ನಲ್ಲೇ ಆಡಿದ ವಾರನ್ ಮೂನ್ 1978ರಲ್ಲಿ ರೋಸ್ ಬೌಲ್ ಗೆದ್ದು ಬಂದರೂ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. ಅವರು ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡದ ಜೊತೆ ಐದು ಸಲ ಅಲ್ಲಿನ ಲೀಗ್ ಪ್ರಶಸ್ತಿಯಾದ ಗ್ರೇ ಕಪ್ ಗೆದ್ದರು. 1984ರಲ್ಲಿ ಹ್ಯೂಸ್ಟನ್‌ನ ಆಗಿನ ತಂಡ ಆಯಿಲರ್ಸ್‌ಗೆ ಬಂದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 2018ರಲ್ಲಿ ಕೂಡ ಲಮಾರ್ ಜಾಕ್ಸನ್ ಅವರಿಗೆ ನೀನು ರಿಸೀವರ್ ಆಗು ಎಂದವರಿದ್ದರು. ಮುಂದಿನ ವರ್ಷವೇ ಅವರು ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಇನ್ನೂ ಹತ್ತಿರದ ಕತೆ ಇದೆ. ತಲೆಗೆ ಪೆಟ್ಟು ಬಿದ್ದು ಮರೆವಿನ ರೋಗಕ್ಕೆ ತುತ್ತಾದ ಮಾಜಿ ಆಟಗಾರರಿಗೆ ಪರಿಹಾರ ಲೆಕ್ಕ ಹಾಕುವಾಗ, ಕಪ್ಪು ಆಟಗಾರರ ಮಿದುಳಿನ ಸಾಮರ್ಥ್ಯ ಮೊದಲಿಂದಲೂ ಕಡಿಮೆ ಎಂದು ಹಿಡಿದು ಅಂಕ ತಿದ್ದುತ್ತಿದ್ದರು. ಹಾಗಾಗಿ ಅವರಿಗೆ ಪರಿಹಾರ ಸಿಗುವುದು ಕಷ್ಟವಾಗುತ್ತಿತ್ತು. 2021ರಲ್ಲಷ್ಟೇ ಎನ್‌ಎಫ್‌ಎಲ್ ಅದನ್ನು ನಿಲ್ಲಿಸುವುದಾಗಿ ಒಪ್ಪಿಕೊಂಡಿತು. ಇಷ್ಟೆಲ್ಲ ಹಿನ್ನೆಲೆ ಇರುವ ಊರಿನಲ್ಲಿ ಒಬ್ಬ ಕಪ್ಪು ಹುಡುಗನ ತಲೆಯ ಬಗ್ಗೆ ಕಡಿಮೆ ಅಂಕಿಯೊಂದು ಹೊರಬಿದ್ದರೆ, ಅದು ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಆ ಸಾಲಿನ ಬ್ರೈಸ್ ಯಂಗ್, ರಿಚರ್ಡ್ಸನ್ ಕೂಡ ಕಪ್ಪು ವರ್ಣೀಯರೇ. ಅವರ ಹೆಚ್ಚಿನ ಅಂಕಕ್ಕೆ ಸಿಕ್ಕ ಸದ್ದು ಸ್ಟ್ರೌಡ್ ಅವರ 18ಕ್ಕೆ ಸಿಕ್ಕ ಸದ್ದಿನ ಹತ್ತಿರಕ್ಕೂ ಬರಲಿಲ್ಲ.

ಹ್ಯೂಸ್ಟನ್ ತಂಡದ ಆಡಳಿತ ಇಲ್ಲಿ ಒಳ್ಳೆಯ ಪಾಠ ಕಲಿಸಿತು ಅನ್ನಬಹುದು. ಅವರ ಮುಂದೆ ಸ್ಟ್ರೌಡ್ ಅವರ ಎರಡು ಋತುಗಳ ಕಾಲೇಜು ಆಟ ಇತ್ತು. 2022ರ ಡಿಸೆಂಬರ್ 31ರಂದು ಜಾರ್ಜಿಯಾ ವಿರುದ್ಧ ಒಹಾಯೊ ಸ್ಟೇಟ್ 42–41ರಿಂದ ಸೋತ ಪಂದ್ಯ ಇತ್ತು. ದೇಶದಲ್ಲೇ ಗಟ್ಟಿ ರಕ್ಷಣೆಯ ಎದುರು ಸ್ಟ್ರೌಡ್ ಅಲ್ಲಿ 348 ಗಜ, ನಾಲ್ಕು ಟಚ್‌ಡೌನ್ ಎಸೆದಿದ್ದರು. ಮುಕ್ಕಾಲು ಗಂಟೆಯ ಪರೀಕ್ಷೆಗೆ ಆ ಪಂದ್ಯದಷ್ಟು ತೂಕ ಕೊಡಲು ಯಾವ ಕಾರಣವೂ ಇರಲಿಲ್ಲ. ಅವರು ಕೊಡಲಿಲ್ಲ. ಒಬ್ಬನ ಆಟ ನೋಡಲು ಸಿಗದಿದ್ದಾಗ, ಇಬ್ಬರು ಸಮಸಮ ಕಂಡಾಗ ಇಂಥ ಪರೀಕ್ಷೆ ಒಂದಿಷ್ಟು ಸಹಾಯ ಮಾಡೀತು. ಕಣ್ಣೆದುರೇ ನೂರಾರು ಎಸೆತಗಳಿದ್ದಾಗ ಅದನ್ನು ನೋಡಿದರೆ ಸಾಕು.

ಇನ್ನು ನಿಮ್ಮ ಮಗಳ ವಿಷಯ. ಪರೀಕ್ಷೆ ಮಾಡಿಸುವುದರಿಂದ ಅವಳಿಗೆ ತೊಂದರೆ ಏನೂ ಇಲ್ಲ. ಅವಳಿಗೆ ಕುತೂಹಲ ಇದ್ದರೆ ಮಾಡಿಸಿ. ಆದರೆ ದುಡ್ಡು ಕಟ್ಟುವ ಮೊದಲು ಕ್ಲಬ್‌ನವರ ಹತ್ತಿರ ಕೂತು ಕೇಳಿ. ಅವಳನ್ನು ಯಾರ ಜೊತೆ ಹೋಲಿಸುತ್ತಾರೆ? ಅವಳ ವಯಸ್ಸಿನ ವಾಲಿಬಾಲ್ ಹುಡುಗಿಯರ ಜೊತೆಗೋ, ದೊಡ್ಡವರ ಜೊತೆಗೋ? 15–16ರ ವಯಸ್ಸಿನಲ್ಲಿ ಪ್ರತಿಕ್ರಿಯೆಯ ವೇಗ ಇನ್ನೂ ಬೆಳೆಯುತ್ತಿರುತ್ತದೆ, ಹಾಗಾಗಿ ದೊಡ್ಡವರ ಜೊತೆ ಹೋಲಿಸಿದ ಪರ್ಸೆಂಟೈಲ್‌ಗೆ ಬೆಲೆಯಿಲ್ಲ. ಅಂಕ ಕಡಿಮೆ ಬಂದರೆ ಮತ್ತೆ ಮಾಡಿಸುತ್ತಾರಾ? ಅದರ ಆಧಾರದ ಮೇಲೆ ತಂಡದಿಂದ ಬಿಡುತ್ತಾರಾ, ಸ್ಥಾನ ಬದಲಿಸುತ್ತಾರಾ? ಹೌದು ಅಂದರೆ ಮಾಡಿಸಬೇಡಿ. ತರಬೇತಿಗೆ ಬಳಸುತ್ತೇವೆ ಅಂದರೆ ಯಾವ ಅಂಶಕ್ಕೆ ಯಾವ ತರಬೇತಿ ಅಂತ ಕೇಳಿ. ಒಂದು ಮಾತಿನ ಬಗ್ಗೆ ಎಚ್ಚರ ಇರಲಿ. ಪರದೆಯ ಮೇಲಿನ ಆಟಗಳನ್ನು ಪುನಃ ಪುನಃ ಆಡಿಸಿದರೆ ಮೈದಾನದಲ್ಲೂ ಚುರುಕಾಗುತ್ತಾಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಅಭ್ಯಾಸ ಮಾಡಿದವರು ಆ ಪರದೆಯ ಆಟದಲ್ಲೇ ಚೆನ್ನಾಗಿ ಆಗುತ್ತಾರೆ. ಅದು ಮೈದಾನಕ್ಕೆ ದಾಟುವ ಪುರಾವೆ ತೀರಾ ತೆಳು. ಎದುರು ತಂಡದ ಹುಡುಗಿ ಹೊಡೆಯುವ ಮೊದಲು ಅವಳ ಭುಜ ಎತ್ತ ತಿರುಗುತ್ತದೆ ಅಂತ ನೋಡಿ ಹೇಳುವ ಅಭ್ಯಾಸವನ್ನು ಕೋಚ್ ದಿನಾ ಹತ್ತು ನಿಮಿಷ ಮಾಡಿಸಿದರೆ ಅದರಿಂದ ಆಗುವ ಲಾಭ ಹೆಚ್ಚು.

ಕಡೆಯದಾಗಿ, ಫಲಿತಾಂಶ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಿಮಗೆ, ನಿಮ್ಮ ಮಗಳಿಗೆ, ಅವಳ ಕೋಚ್‌ಗೆ ಬಿಟ್ಟು ಬೇರೆಯವರಿಗೆ ಬೇಡ. ಕಾಲೇಜು ತಂಡಗಳಿಗೆ ಕಳಿಸುತ್ತೇವೆ ಎಂದರೆ ನಿಮ್ಮ ಒಪ್ಪಿಗೆ ಕೇಳಿ ಕಳಿಸಬೇಕು. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಯಾವಾಗ ಅಳಿಸುತ್ತೀರಿ ಅಂತಲೂ ಕೇಳಿ. ವರದಿ ಬಂದ ಮೇಲೆ ಮೊದಲು ನೀವಿಬ್ಬರೇ ಓದಿ. ಅಂಕ ಕಡಿಮೆ ಇದ್ದರೆ ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಸೂಚನೆಗಳು ಅರ್ಥವಾಗಿದ್ದವಾ, ಮಧ್ಯದಲ್ಲಿ ಬೇಜಾರಾಯಿತಾ ಅಂತ ಅವಳನ್ನೇ ಕೇಳಿ, ಆಮೇಲೆ ಕೋಚ್ ಜೊತೆ ಮಾತಾಡಿ.